ಮುಚ್ಚದ ಅಂಗಡಿಗೆ ವಿದಾಯ

ದುಬೈಯಲ್ಲಿ ನಮ್ಮ ಕನ್ನಡದವರ ಮಾಸಪತ್ರಿಕೆಗೆ ಇಲ್ಲಿನವರ ಸುದ್ದಿ ಬರೆಯುವ ಚಪಲ ನನಗೆ. ಒಂದು ಭಾನುವಾರ ನೈಫ್ ಪೇಟೆಯಲ್ಲಿ ಬಂಟ್ವಾಳದ ರಾಘವಣ್ಣನ ಸೂಟ್‌ಕೇಸ್ ಅಂಗಡಿಯ ಮೇಲೆ 'ಅಂಗಡಿ ಮುಚ್ಚುತ್ತಿದ್ದೇವೆ, ಎಲ್ಲವೂ ಅರ್ಧ ಬೆಲೆಗೆ' ಎಂಬ ಬೋರ್ಡು ಕಂಡಿತು. ಒಳಗೆ ಗಿರಾಕಿಗಳ ನೂಕುನುಗ್ಗಲು. ಹೊರಗಿನಿಂದಲೇ ಫೋಟೊ ತೆಗೆದು, ಓದಿದವರ ಕಣ್ಣು ಒದ್ದೆಯಾಗುವಂಥ ವಿದಾಯ ಬರೆದೆ.

ಪತ್ರಿಕೆ ಬಂದ ವಾರಕ್ಕೆ ರಾಘವಣ್ಣನ ಫೋನು.

"ಆ ಬೋರ್ಡು ಏಳು ವರ್ಷದಿಂದ ಅಲ್ಲೇ ಉಂಟು ಮಾರಾಯ್ರೆ. ಅದು ಗಿರಾಕಿಗಳನ್ನು ಕರೀಲಿಕ್ಕೆ. ನನಗೆ ಮಾಲು ಹಾಕುವ ಮಂಗಳೂರಿನವ ನಿಮ್ಮ ಪೇಪರು ಓದಿ, ಇನ್ನು ಸಾಲಕ್ಕೆ ಮಾಲಿಲ್ಲ, ಖಲಾಸ್ ಅಂದ. ಅವನ ಬಾಯಿಂದ ಕೇಳಿ ಕಟ್ಟಡದ ಮಾಲಕ ಬೇರೆಯವರಿಗೆ ಜಾಗ ತೋರಿಸ್ತಿದ್ದಾನೆ. ಒಳಗೆ ಬಂದು ಒಂದು ಮಾತು ಕೇಳಬಹುದಿತ್ತಲ್ಲ?"

ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. "ಮುಂದಿನ ಸಂಚಿಕೆಯಲ್ಲೇ ತಿದ್ದುಪಡಿ ಹಾಕ್ತೇನೆ ಅಣ್ಣ" ಅಂದೆ.

ಮುಂದಿನ ಸಂಚಿಕೆಗೆ ಇನ್ನೂ ಮೂರು ವಾರವಿತ್ತು. ತಿದ್ದುಪಡಿ ಬರೆದಿಟ್ಟುಕೊಂಡು, ಅಚ್ಚಿಗೆ ಕೊಡುವ ಮುನ್ನ ಈ ಸಲವಾದರೂ ಕೇಳಿ ಬರೋಣವೆಂದು ನೈಫ್‌ಗೆ ಹೋದೆ. ಶಟರ್ ಎಳೆದಿತ್ತು, ಬೋರ್ಡನ್ನೂ ಕಳಚಿದ್ದರು.

ಈಗ ನನ್ನ ಸುದ್ದಿ ಸರಿಯಾಗಿಯೇ ಇತ್ತು. ತಿದ್ದುಪಡಿಯ ಅಗತ್ಯ ಬೀಳಲಿಲ್ಲ.