ನಂಬರಿಲ್ಲದ ಕುಂಡಗಳು

ಶರಣಬಸಮ್ಮನ ಕೆಲಸ ಏನೆಂದು ಕೇಳಿದರೆ ಅವಳ ತವರಿನವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಯಾದಗಿರಿ ಕಡೆಯ ನವಣೆ ಹೊಲದಲ್ಲಿ ಬುದ್ಧಿ ಬಂದಾಗಿನಿಂದ ಕಿತ್ತು ಬದುವಿಗೆಸೆದ ಕಾಡುನವಣೆಯನ್ನು ಹೈದರಾಬಾದಿನಲ್ಲಿ ಅವಳು ಕುಂಡದಲ್ಲಿಟ್ಟು ಸಾಕುತ್ತಿದ್ದಳು. ಅದೂ ಗುತ್ತಿಗೆ ಕೆಲಸ. ವರ್ಷಕ್ಕೊಮ್ಮೆ ಮೇಲಧಿಕಾರಿ ಉಪೇಂದ್ರ ಸಾಹೇಬರು ಮನಸ್ಸು ಮಾಡಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಆದರೂ ಲಿಂಗಂಪಲ್ಲಿಯಿಂದ ಬೆಳಗಿನ ಬಸ್ಸು ಹಿಡಿದು ಬಂದು ಸಂಶೋಧನಾ ಕೇಂದ್ರದ ಹಸಿರುಮನೆಯ ಬೀಗ ತೆಗೆಯುವವಳು ಅವಳೇ.

ಆ ಹುಲ್ಲೇ ಯಾಕೆಂದು ವಿಜ್ಞಾನಿ ರಶ್ಮಿ ಮೇಡಂ ಅವಳಿಗೆ ಬಿಡಿಸಿ ಹೇಳಿದ್ದರು. ಕಾಡುನವಣೆ ನಮ್ಮ ನವಣೆಯ ದಾಯಾದಿ. ಗಿಡ್ಡ ಗಿಡ, ಬೇಗ ತೆನೆ. ಅದರಲ್ಲಿ ಕಲಿತದ್ದನ್ನು ಸಾವೆ, ಬರಗಿನಂಥ ಬೆಳೆಗಳಿಗೆ ಒಯ್ಯಬಹುದು. ಕಾಳು ಬಲಿತ ಕೂಡಲೇ ಉದುರಿಸಿಬಿಡುವುದು ಅದರ ಕೆಟ್ಟ ಚಾಳಿ. ಆ ಚಾಳಿಯ ಹಿಂದಿನ ಒಂದು ಜೀನನ್ನು ರಶ್ಮಿ ಮೂರು ವರ್ಷ ಪಟ್ಟು ಹಿಡಿದು ತಿದ್ದಿದ್ದರು. ಈಗ ಇಪ್ಪತ್ತನಾಲ್ಕು ಕುಂಡಗಳಿದ್ದವು. ಅರ್ಧ ತಿದ್ದಿದವು, ಇನ್ನರ್ಧ ಹಾಗೇ ಬಿಟ್ಟವು. ನೋಡಲು ಎಲ್ಲ ಒಂದೇ. ಗುರುತು ಹೇಳುವುದು ಕುಂಡದ ಮೇಲೆ ಮಾರ್ಕರಿನಲ್ಲಿ ಬರೆದ ನಂಬರು ಮಾತ್ರ.

ಆಯುಧಪೂಜೆ ಬಂತು. ಒಳಗೆ ಯಂತ್ರಗಳಿಗೆಲ್ಲ ಹೂವೇರುವಾಗ ತನ್ನ ಕುಂಡಗಳು ಪಾಚಿಗಟ್ಟಿ ಕೂತಿರುವುದು ಶರಣಬಸಮ್ಮನಿಗೆ ಸರಿಬರಲಿಲ್ಲ. ಎಲ್ಲವನ್ನೂ ಕೆಳಗಿಳಿಸಿ, ಸ್ಪಿರಿಟ್ ಹಾಕಿ ತಿಕ್ಕಿ ಒರೆಸಿ, ಒಂದೊಂದಕ್ಕೂ ಮೂರು ಬೆರಳಿನ ವಿಭೂತಿ ಬಳಿದು ಸಾಲಾಗಿ ಇಟ್ಟಳು. ಭಕ್ತಿಗೇನೂ ಕಡಿಮೆಯಿರಲಿಲ್ಲ. ನಂಬರು ಮಾತ್ರ ಒಂದೂ ಉಳಿಯಲಿಲ್ಲ.

ರಜೆ ಮುಗಿಸಿ ಬಂದ ರಶ್ಮಿಯ ಮುಖ ಬಿಳಿಚಿಹೋಯಿತು. ಉಪೇಂದ್ರ ಸಾಹೇಬರು ಕೆಂಡಾಮಂಡಲವಾಗಿ, ಪೂಜೆಯೇ ಮಾಡುವುದಾದರೆ ಇನ್ನು ಮನೆಯಲ್ಲೇ ಮಾಡಲಿ, ಈ ತಿಂಗಳಿಗೆ ಗುತ್ತಿಗೆ ಮುಗಿಯಿತು ಎಂದರು. ಶರಣಬಸಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾಚಿಕೆಯಿಂದ ಸತ್ತೇಹೋಗುವಂತಾಗಿತ್ತು. ಆದರೆ ತೆನೆಗಳು ಬಲಿತಿರುವುದು ಅವಳ ಕಣ್ಣಿಗೆ ಬಿತ್ತು.

"ಮೇಡಂ, ತೆನಿ ಮ್ಯಾಲ ಒಮ್ಮಿ ಕೈ ಆಡಿಸಿದ್ರ ಯಾವುದು ತಿದ್ದಿದ್ದು ಅಂತ ನನಗ ಗೊತ್ತಾಗತೈತ್ರಿ. ನಾ ಹೇಳಿದ್ದು ಮೊದಲ ಬರದು ಇಡ್ರಿ. ಆಮ್ಯಾಲ ಎಲಿ ಪರೀಕ್ಷಾಕ ಕಳಸ್ರಿ."

ರಶ್ಮಿ ಕುಂಡಗಳಿಗೆ ಹೊಸ ನಂಬರು ಬರೆದು, ಅವಳು ಹೇಳಿದ್ದನ್ನು ಬರೆಯಲು ಒಂದು ಹಾಳೆ ಹಿಡಿದು ನಿಂತರು. ಶರಣಬಸಮ್ಮ ಒಂದೊಂದೇ ತೆನೆಯನ್ನು ಬುಡದಿಂದ ತುದಿಗೆ ಸವರುತ್ತ ಹೋದಳು. ಕೆಲವು ಮುಟ್ಟಿದ್ದೇ ತಡ ಅಂಗೈ ತುಂಬ ಕಾಳು ಸುರಿದವು. ಕೆಲವು ಗಟ್ಟಿಯಾಗಿ ಹಿಡಿದುಕೊಂಡವು. ಹದಿನೇಳನೆಯದು ಒಂದಿಷ್ಟು ಕಾಳು ಉದುರಿಸಿದರೂ ಅವಳು ಅದನ್ನು ಹಿಡಿದವುಗಳ ಸಾಲಿಗೇ ಸೇರಿಸಿದಳು. ಉಪೇಂದ್ರ ಸಾಹೇಬರು ಇಣುಕಿ ನೋಡಿ, ಇದು ತಪ್ಪು ಎಂದರು. ಅದು ಹುಳ ಕಡಿದದ್ದು, ಗಿಡದ ಗುಣವಲ್ಲ ಎಂದು ಅವಳು ಪಟ್ಟು ಬಿಡಲಿಲ್ಲ.

ಎಲೆಯ ಜೀನ್ ಪರೀಕ್ಷೆಯ ಫಲಿತಾಂಶ ಬರಲು ಹತ್ತು ದಿನ ಹಿಡಿಯಿತು. ಆ ಹತ್ತು ದಿನ ಅವಳಿಗೆ ಅನ್ನ ಸೇರಲಿಲ್ಲ. ಹನ್ನೊಂದನೆಯ ದಿನ ಬೆಳಿಗ್ಗೆ ಸಾಹೇಬರೇ ಎರಡು ಹಾಳೆ ಜೋಡಿಸಿಕೊಂಡು ಓದಿದರು. ಹದಿನೇಳರಲ್ಲಿ ಒಂದು ಕ್ಷಣ ನಿಂತು, ಮುಂದೆ ಓದಿದರು. ಇಪ್ಪತ್ತನಾಲ್ಕಕ್ಕೆ ಇಪ್ಪತ್ತನಾಲ್ಕೂ ಸರಿ.

ರಶ್ಮಿ ಅವಳ ಎರಡೂ ಕೈ ಹಿಡಿದುಕೊಂಡರು. "ಅಕ್ಕಾ, ಗುರುತು ಗೊತ್ತಿದ್ದು ನಾ ನೋಡಿದ್ರ ಮಂದಿ ಅನುಮಾನ ಪಡತಿದ್ರು. ನಿಮಗ ಏನೂ ಗೊತ್ತಿರಲಿಲ್ಲ. ಇದಕ್ಕಿಂತ ದೊಡ್ಡ ಸಾಕ್ಷಿ ನಾ ಎಲ್ಲಿಂದ ತರಲಿ?"

ಸಾಹೇಬರು ಶರಣಬಸಮ್ಮನ ಹೊಸ ಗುತ್ತಿಗೆ ಕಾಗದಕ್ಕೆ ಸಹಿ ಹಾಕಿದರು. ಆಮೇಲೆ ಫಲಿತಾಂಶದ ಹಾಳೆಯನ್ನು ಅವಳ ಮುಂದೆ ಸರಿಸಿ, 'ಪರೀಕ್ಷಿಸಿದವರು' ಎಂದಿದ್ದ ಜಾಗಕ್ಕೆ ಬೆರಳಿಟ್ಟು ತಮ್ಮ ಪೆನ್ನು ಕೊಟ್ಟರು. ಅವಳು ಒತ್ತಿ ಒತ್ತಿ, ಒಂದಕ್ಷರವನ್ನೂ ಬಿಡದೆ ತನ್ನ ಪೂರ್ತಿ ಹೆಸರು ಬರೆದಳು. ಕೆಳಗಿದ್ದ ಹಾಳೆಗೂ ಅಚ್ಚು ಬಿತ್ತು.