ಬೆರಳಿನ ಬಾವು, ಮನಸ್ಸಿನ ಮಂಕು

ಮಂಗಳೂರಿನ ಡಾಕ್ಟರ್ ನನ್ನ ಬೆರಳಿನ ಗಂಟುಗಳನ್ನು ಒಂದೊಂದಾಗಿ ಒತ್ತಿ ನೋಡುತ್ತಿದ್ದರು. ಪಕ್ಕದಲ್ಲಿ ಕೂತಿದ್ದ ಅತ್ತೆ ಇದ್ದಕ್ಕಿದ್ದಂತೆ ಬಾಯಿ ಹಾಕಿದರು.

"ಡಾಕ್ಟ್ರೇ, ಇವಳು ಬೆರಳು ಮಾತ್ರ ತೋರಿಸುವುದು. ಮನೆಯಲ್ಲಿ ಮಾತೇ ಇಲ್ಲ. ಊಟ ಬೇಡ, ಯಾರೂ ಬೇಡ. ಬೆಳಿಗ್ಗೆ ಎದ್ದು ಗೋಡೆ ನೋಡಿಕೊಂಡು ಕೂತುಕೊಳ್ಳುವುದು."

ನಾನು ಮೇಜಿನ ಕೆಳಗೆ ಅವರ ಕಾಲು ತುಳಿದೆ. ಅದನ್ನೆಲ್ಲ ಇಲ್ಲಿ ಹೇಳುವುದುಂಟಾ?

ಮೂಡುಬಿದಿರೆಯ ಒಂದು ಡ್ರೈವಿಂಗ್ ಸ್ಕೂಲಿನಲ್ಲಿ ನಾನು ಹೆಂಗಸರಿಗೆ ಕಾರು ಕಲಿಸುತ್ತೇನೆ. ತೋಡಾರಿನ ರಸ್ತೆಯಲ್ಲಿ ನನ್ನಿಂದ ಬೈಸಿಕೊಳ್ಳದೆ ಲೈಸನ್ಸ್ ತೆಗೆದುಕೊಂಡವರು ಕಡಿಮೆ. ಇದನ್ನು ಓದುತ್ತಿರುವವರಲ್ಲೂ ಕೆಲವರಿದ್ದೀರಿ, ನಗಬೇಡಿ.

ಆರ್ಥ್ರೈಟಿಸ್ ಬಂದ ಮೇಲೆ ಬೆಳಿಗ್ಗೆ ಬೆರಳು ಮಡಚಲು ಆಗುತ್ತಿರಲಿಲ್ಲ. ಅದು ನೋವು, ಎಲ್ಲರಿಗೂ ಅರ್ಥವಾಗುತ್ತದೆ.

ಆದರೆ ಅದರ ಜೊತೆಗೆ ಇನ್ನೊಂದು ಬಂತು... ಯಾವುದರ ಮೇಲೂ ಮನಸ್ಸಿಲ್ಲ. ದುಬೈಯಿಂದ ಗಂಡ ಫೋನ್ ಮಾಡಿದರೂ ಎತ್ತಲು ಉದಾಸೀನ.

ಸೋಮಾರಿಯಾದೆ ಎಂದು ನನ್ನನ್ನು ನಾನೇ ಬೈದುಕೊಂಡೆ. ಕೆಲಸ ಬಿಡುತ್ತೇನೆ ಎಂದು ಓನರಿಗೆ ಹೇಳಿಯೂ ಆಗಿತ್ತು. ತಿಂಗಳ ಕೊನೆಯವರೆಗೆ ಯೋಚಿಸಿ ಎಂದು ಅವರೇ ತಡೆದಿದ್ದರು.

ಇತ್ತ ಅತ್ತೆ ಜೋಯಿಸರ ಹತ್ತಿರ ಕವಡೆ ಹಾಕಿಸಿ ಪ್ರಶ್ನೆ ಇಡಲು ದಿನ ಕೇಳಿ ಬಂದಿದ್ದರು. ಗಂಟಿನದ್ದು ಡಾಕ್ಟರಿಗೆ, ಮನಸ್ಸಿನದ್ದು ಜೋಯಿಸರಿಗೆ ಎಂದು ನಮ್ಮ ಮನೆಯಲ್ಲಿ ಪಾಲಾಗಿಬಿಟ್ಟಿತ್ತು.

"ಅದು ಬೇರೆ ವಿಷಯ ಡಾಕ್ಟ್ರೇ" ಎಂದೆ.

"ಬೇರೆ ಅಂತ ಯಾರು ಹೇಳಿದ್ದು?" ಎಂದರು ಡಾಕ್ಟರ್.

ಆಮೇಲೆ ನಿಧಾನಕ್ಕೆ ವಿವರಿಸಿದರು. ಗಂಟು ಬಾಯುವಂತೆ ಮಾಡುವ ಉರಿಯೂತ ಗಂಟಿನಲ್ಲೇ ನಿಲ್ಲುವುದಿಲ್ಲವಂತೆ. ಅದರ ರಾಸಾಯನಿಕಗಳು ರಕ್ತದಲ್ಲಿ ಓಡಾಡಿ ಮೆದುಳಿಗೂ ಸುದ್ದಿ ಮುಟ್ಟಿಸುತ್ತವೆ. ಕೆಲವರಿಗೆ ನಿದ್ದೆ, ಹಸಿವು, ಉತ್ಸಾಹ ಎಲ್ಲವೂ ಕುಗ್ಗುತ್ತವೆ.

ಎಲ್ಲ ಖಿನ್ನತೆಯೂ ಉರಿಯೂತದಿಂದಲೇ ಬರುವುದಲ್ಲ, ನೋವು, ಚಿಂತೆಗಳೂ ಸೇರಿಕೊಳ್ಳುತ್ತವೆ, ಆದರೆ ಎರಡನ್ನೂ ಒಟ್ಟಿಗೆ ನೋಡಬೇಕು ಎಂದರು.

ನನಗೆ ಅಲ್ಲೇ ಅಳು ಬಂತು. ಇಷ್ಟು ದಿನ ಸುಮ್ಮನೆ ನನ್ನ ಮೇಲೆ ನಾನೇ ಹರಿಹಾಯ್ದೆನಲ್ಲ ಎಂಬ ಸಂಕಟ, ಜೊತೆಗೇ ದೊಡ್ಡ ಸಮಾಧಾನ.

ಗಂಟಿನ ಮದ್ದು ಬದಲಾಯಿತು. ಮನೋವೈದ್ಯರನ್ನೂ ನೋಡಿದೆ. ಹೌದು, ಮುಚ್ಚಿಡುವಂಥದ್ದು ಏನೂ ಇಲ್ಲ.

ಅತ್ತೆ ಜೋಯಿಸರ ಪ್ರಶ್ನೆಯನ್ನೂ ಬಿಡಲಿಲ್ಲ. "ಅದೂ ಆಗ್ಲಿ, ಇದೂ ಆಗ್ಲಿ ಮಾರಾಯ್ತಿ" ಎಂದರು. ನಾನು ತಕರಾರು ಮಾಡಲಿಲ್ಲ, ಮದ್ದನ್ನು ಮಾತ್ರ ತಪ್ಪಿಸಲಿಲ್ಲ.

ಸುಧಾರಿಸಲು ಸಮಯ ಹಿಡಿಯಿತು. ಈಗಲೂ ಕೆಲವು ದಿನ ಬೆಳಿಗ್ಗೆ ಏಳುವುದೇ ಭಾರ. ಆದರೆ ಕೆಲಸ ಬಿಟ್ಟಿಲ್ಲ, ಬಿಡುವುದೂ ಇಲ್ಲ. ನಿನ್ನೆ ಕಾರು ಕಲಿಯಲು ಬಂದ ಒಬ್ಬರು ಶಾಲೆ ಟೀಚರ್ ಬ್ರೇಕ್ ಎಂದು ಆಕ್ಸಿಲರೇಟರ್ ಒತ್ತಿದರು... ಬೈದು ಬೈದು ನನ್ನ ಗಂಟಲು ಇನ್ನೂ ಕಟ್ಟಿದೆ.

ನಿಮ್ಮಲ್ಲಿ ಎಷ್ಟು ಮಂದಿ ಡಾಕ್ಟರಿಗೆ ಮೈನೋವನ್ನು ಮಾತ್ರ ಹೇಳಿ, ಉಳಿದದ್ದನ್ನು ಹಾಗೆಯೇ ಮನೆಗೆ ವಾಪಸ್ ತಂದಿದ್ದೀರಿ?