ವಾರಕ್ಕೆ ನಾಲ್ಕೇ ದಿನದ ಶಾಲೆ

ಹೆಂಡತಿ ಕೆಲಸ ಮಾಡುತ್ತಿದ್ದ ವಿಶಾಖಪಟ್ಟಣದ ನರ್ಸಿಂಗ್ ಹೋಮ್ ಮುಚ್ಚಿದ ಮೇಲೆ ಅವಳಿಗೆ ವಿಜಯವಾಡದಲ್ಲಿ, ಬೆಂಜ್ ಸರ್ಕಲ್ ಹತ್ತಿರದ ಒಂದು ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿತು. ಅವಳು ಹೋದಳು. ವಿಶಾಖಪಟ್ಟಣದ ಅಂಚಿನ ಪೆಂದುರ್ತಿಯ ಬಾಡಿಗೆ ಮನೆಯಲ್ಲಿ ನಾನು ಮತ್ತು ಏಳನೇ ತರಗತಿಯ ಮಗಳು ಉಳಿದೆವು. ಒಂದು ವರ್ಷದ ಮಾತು, ಆಮೇಲೆ ನೋಡೋಣ ಅಂದುಕೊಂಡಿದ್ದೆವು.

ನಾನು ಧಾರವಾಡದ ಕಡೆಯವನು. ಬಂದರಿನಲ್ಲಿ ಹಡಗುಗಳ ಕಾಗದಪತ್ರ ನೋಡುವ ಒಂದು ಏಜೆಂಟರ ಕಚೇರಿಯಲ್ಲಿ ಕೆಲಸ. ಹೆಂಡತಿ ತೆಲುಗಿನವಳು. ಮದುವೆಯಾಗಿ ಹದಿನಾಲ್ಕು ವರ್ಷದಲ್ಲಿ ನಾವು ಬೇರೆ ಬೇರೆ ಊರಲ್ಲಿ ಇದ್ದದ್ದೇ ಇಲ್ಲ. ಅವಳು ಹೋದ ಮೊದಲ ವಾರವೇ ನನಗೆ ಮನೆಯಲ್ಲಿ ಕೂತಲ್ಲಿ ಕೂರಲಾಗಲಿಲ್ಲ. ಅಡುಗೆಮನೆಗೆ ಹೋಗುತ್ತಿದ್ದೆ, ಯಾಕೆ ಬಂದೆ ಎಂದು ಮರೆತು ಹಿಂದಿರುಗುತ್ತಿದ್ದೆ. ಶನಿವಾರ ನಸುಕಿನಲ್ಲೇ ಮಗಳನ್ನು ಎಬ್ಬಿಸಿ ರೈಲು ಹತ್ತಿದೆ. ಮುಂದಿನ ಶನಿವಾರವೂ ಹತ್ತಿದೆ. ಅದೇ ರೂಢಿಯಾಯಿತು.

ಭಾನುವಾರ ಅಲ್ಲಿಂದ ಹೊರಟರೆ ಮನೆ ಮುಟ್ಟುವ ಹೊತ್ತಿಗೆ ಸೋಮವಾರ. ಮಗಳು ಕಣ್ಣು ಬಿಡಲಾರದೆ ಮಂಚದ ಮೇಲೆ ಬೀಳುತ್ತಿದ್ದಳು. ಶನಿವಾರದ ಶಾಲೆ ಹೋಯಿತು, ಸೋಮವಾರದ್ದೂ ಹೋಯಿತು. ರಜಾಚೀಟಿ ಬರೆಯುವವನು ನಾನೇ. ಒಮ್ಮೆ ಜ್ವರ, ಒಮ್ಮೆ ಹೊಟ್ಟೆನೋವು, ಒಮ್ಮೆ ಹತ್ತಿರದ ಸಂಬಂಧಿಕರ ಮದುವೆ. ಮದುವೆಗಳು ಮುಗಿದ ಮೇಲೆ ಗೃಹಪ್ರವೇಶ.

ಒಂದು ಶುಕ್ರವಾರ ಸಂಜೆ, ಚೀಲಕ್ಕೆ ಬಟ್ಟೆ ತುಂಬುತ್ತಿದ್ದ ನನ್ನ ಹತ್ತಿರ ಮಗಳು ಬಂದು ನಿಂತಳು.

“ಅಪ್ಪಾ, ಈ ವಾರ ಬ್ಯಾಡ. ನಾಳೆ ಸೈನ್ಸ್ ಪ್ರಾಕ್ಟಿಕಲ್ ಅದ.”

“ಒಂದು ದಿನಕ್ಕ ಏನಾಗ್ತದ? ನಿಮ್ಮವ್ವ ದಾರಿ ಕಾಯ್ತಿರ್ತಾಳ.”

ದಾರಿ ಕಾಯುತ್ತಿದ್ದವನು ಯಾರು ಎಂಬುದು ನನಗೆ ಗೊತ್ತಿತ್ತು. ಆದರೂ ಮರುದಿನ ಹೋದೆವು.

ಆರೇಳು ವಾರಗಳಾದ ಮೇಲೆ ನಡುವಿನ ದಿನಗಳೂ ತಪ್ಪತೊಡಗಿದವು. ಮಂಗಳವಾರ ಬೆಳಿಗ್ಗೆ ಹೊಟ್ಟೆ ಹಿಡಿದು ಕೂರುತ್ತಿದ್ದಳು. ಈ ಸಲ ಹೊಟ್ಟೆನೋವು ನಿಜವೇ ಇರಬಹುದು ಎಂದು ನಾನೂ ಸುಮ್ಮನಾಗುತ್ತಿದ್ದೆ. ಶಾಲೆಗೆ ಬಾರದ ಮಕ್ಕಳ ಮನೆಗೆ ಹತ್ತು ಗಂಟೆಗೆ ಶಾಲೆಯಿಂದ ಮೊಬೈಲಿಗೆ ಸಂದೇಶ ಬರುತ್ತದೆ: ನಿಮ್ಮ ಮಗಳು ಇಂದು ಗೈರುಹಾಜರಿ. ಮೊದಮೊದಲು ಅದನ್ನು ಓದಿದಾಗ ಎದೆ ಚುರುಕ್ಕೆನ್ನುತ್ತಿತ್ತು. ಬರಬರುತ್ತಾ ನೋಡದೆಯೇ ಬೆರಳಿನಿಂದ ಸರಿಸುತ್ತಿದ್ದೆ.

ಆ ಸೋಮವಾರವೂ ಸರಿಸಿದೆ. ಬೆಳಿಗ್ಗೆ ವಿಜಯವಾಡದಿಂದ ಬಂದು ಸ್ನಾನ ಮಾಡಿ ನಾನು ಬೇಗ ಹೊರಟಿದ್ದೆ, ಹಡಗೊಂದು ಬಂದರಿಗೆ ಬರುವುದಿತ್ತು. “ಇವತ್ತು ಹೋಗ್ತೀನಿ, ಟೆಸ್ಟ್ ಅದ,” ಅಂದಿದ್ದಳು ಮಗಳು, ಯೂನಿಫಾರ್ಮ್ ಹಾಕಿಕೊಳ್ಳುತ್ತಾ. ಹತ್ತಕ್ಕೆ ಸಂದೇಶ ಬಂದಾಗ, ಮತ್ತೆ ಮಲಗಿರಬೇಕು, ಈಗ ಫೋನ್ ಮಾಡಿ ಜಗಳ ಯಾಕೆ ಎಂದು ಸುಮ್ಮನಾದೆ.

ಹನ್ನೆರಡೂವರೆಗೆ ಅವಳ ಕ್ಲಾಸ್ ಟೀಚರ್ ಫೋನ್ ಮಾಡಿದರು. ಗಣಿತ ಕಲಿಸುವ, ಮೆಲ್ಲಗೆ ಮಾತಾಡುವ ಹೆಂಗಸು.

“ಸಾರ್, ನಿಮ್ಮ ಪಾಪ ಹೇಗಿದ್ದಾಳೆ? ಇವತ್ತು ಟೆಸ್ಟಿಗೆ ಬಂದೇ ಬರ್ತೀನಿ ಅಂತ ನನಗೆ ಮಾತು ಕೊಟ್ಟಿದ್ದಳು. ಅದಕ್ಕೇ ಕೇಳೋಣ ಅಂತ.”

ಮನೆಯ ಫೋನಿಗೆ ಮಾಡಿದೆ. ಯಾರೂ ಎತ್ತಲಿಲ್ಲ. ಕೆಳಮನೆಯ ಮಾಲಕಿಗೆ ಮಾಡಿದೆ. “ಎಂಟಕ್ಕೇ ಹೋದಳಲ್ಲ ಬಾಬು, ಯೂನಿಫಾರ್ಮ್ ಹಾಕಿಕೊಂಡು, ಬ್ಯಾಗ್ ಹೊತ್ತುಕೊಂಡು. ಬೀಗದ ಕೈ ನನ್ನ ಹತ್ತಿರವೇ ಇದೆ,” ಅಂದರು.

ಬಂದರಿನಿಂದ ಪೆಂದುರ್ತಿಗೆ ಹೇಗೆ ಬೈಕ್ ಓಡಿಸಿದೆನೋ ಈಗಲೂ ನೆನಪಿಲ್ಲ. ಬಸ್ ನಿಲ್ದಾಣ, ಶಾಲೆಯ ಹಿಂದಿನ ಓಣಿ, ಅವಳು ಪೆನ್ನು ಕೊಳ್ಳುವ ಅಂಗಡಿ. ಯೂನಿಫಾರ್ಮಿನ ಬಣ್ಣ ಕಂಡಲ್ಲೆಲ್ಲ ಬ್ರೇಕ್ ಹಾಕುತ್ತಿದ್ದೆ. ಟೀಚರ್ ಶಾಲೆಯ ಗೇಟಿಗೆ ಬಂದು ನಿಂತಿದ್ದರು. “ಪೊಲೀಸರಿಗೆ ಹೇಳೋಣ ಸಾರ್, ನಾನೂ ಬರ್ತೀನಿ,” ಅಂದರು. ಹತ್ತು ಗಂಟೆಯ ಸಂದೇಶ ನೋಡಲಿಲ್ಲವೇ ಎಂದು ಅವರು ಕೇಳಲಿಲ್ಲ.

ನಾವು ಠಾಣೆಯ ಕಡೆ ಹೊರಡುವಾಗ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಯಾರೋ ಹೆಂಗಸಿನ ದನಿ, ಹಿಂದೆ ರೈಲಿನ ಸದ್ದು.

“ಬಾಬೂ, ನಿಮ್ಮ ಅಮ್ಮಾಯಿ ನನ್ನ ಪಕ್ಕದಲ್ಲೇ ಕೂತಿದ್ದಾಳೆ. ಗಾಬರಿ ಬೀಳಬೇಡಿ. ಸ್ಕೂಲ್ ಡ್ರೆಸ್ಸಲ್ಲಿ ಒಬ್ಬಳೇ ಕೂತಿದ್ದು ನೋಡಿ ಡೈರಿ ಇಸಕೊಂಡು ನಿಮ್ಮ ನಂಬರ್ ನೋಡಿದೆ. ತುನಿ ದಾಟಿದ್ದೇವೆ. ನಾನೂ ವಿಜಯವಾಡಕ್ಕೇ ಹೋಗೋದು.”

ಟೀಚರ್ ನನ್ನ ಕೈಯಿಂದ ಫೋನ್ ತೆಗೆದುಕೊಂಡು ಆ ತಾಯಿಯೊಡನೆ ಮಾತಾಡಿದರು. ಬೋಗಿ ಯಾವುದು ಕೇಳಿದರು. ಮಗುವಿಗೆ ಏನಾದರೂ ತಿನ್ನಿಸಿ ಅಂದರು. ಆಮೇಲೆ ನನ್ನ ಹೆಂಡತಿಯ ವಾರ್ಡಿಗೂ ಅವರೇ ಮಾತಾಡಿ, ಅವಳನ್ನು ಸ್ಟೇಷನ್ನಿಗೆ ಕಳಿಸುವ ಏರ್ಪಾಡು ಮಾಡಿದರು. ಗೇಟಿನ ಪಕ್ಕದ ಕಟ್ಟೆಯ ಮೇಲೆ ಕೂತು ನಾನು ನೀರು ಕುಡಿದೆ.

ಸಿಕ್ಕ ಮೊದಲ ರೈಲಿಗೆ ಹೊರಟೆ. ಅಷ್ಟು ಸಲ ಹೋದ ದಾರಿಯೇ. ಆದರೆ ಆ ದಿನ ಸೀಟಿನಲ್ಲಿ ಕೂರಲಾಗದೆ ಬಾಗಿಲ ಬಳಿ ನಿಂತೆ, ಒಳಗೆ ಬಂದೆ, ಮತ್ತೆ ಹೋಗಿ ನಿಂತೆ. ಸಾಮರ್ಲಕೋಟೆ ಬರುವ ಹೊತ್ತಿಗೆ ಹೆಂಡತಿ ಫೋನ್ ಮಾಡಿ, “ಸಿಕ್ಕಳು,” ಎಂದಷ್ಟೇ ಹೇಳಿ ಇಟ್ಟುಬಿಟ್ಟಳು. ಅವಳ ಕೋಣೆ ತಲುಪಿದಾಗ ಮಗಳು ನಿದ್ದೆ ಹೋಗಿದ್ದಳು.

ಬೆಳಿಗ್ಗೆ ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಾ ಹೆಂಡತಿ ನನ್ನನ್ನು ಕರೆದಳು.

“ಏಮಂಡೀ, ಅವಳು ನನ್ನ ನೋಡಬೇಕು ಅಂತ ಓಡಿ ಬಂದಳು ಅಂದ್ಕೊಂಡಿದ್ದೀರಾ?”

“ಮತ್ಯಾಕ?”

“ನಿಮ್ಮ ಬಗ್ಗೆ ಹೇಳೋಕೆ ಬಂದಳು. ‘ಅಮ್ಮಾ, ಅಪ್ಪನಿಗೆ ನೀನೇ ಹೇಳು, ಪ್ರತಿ ವಾರ ಇಲ್ಲಿಗೆ ಬರೋದು ಬೇಡ ಅಂತ,’ ಅಂದಳು. ಫೋನಲ್ಲಿ ಹೇಳೋಣ ಅಂದ್ರೆ ನೀವು ಪಕ್ಕದಲ್ಲೇ ಇರ್ತೀರಂತೆ. ಇಲ್ಲಿಗೆ ಬಂದಾಗಲೂ ನಮ್ಮಿಬ್ಬರನ್ನ ನೀವು ಒಂದು ಗಳಿಗೆ ಬಿಟ್ಟಿರಲ್ಲ.”

ನಾನು ಹಗ್ಗದ ಮೇಲಿನ ಕ್ಲಿಪ್ಪುಗಳನ್ನು ಸುಮ್ಮನೆ ಈ ಕಡೆಯಿಂದ ಆ ಕಡೆಗೆ ಸರಿಸುತ್ತಾ ನಿಂತೆ. ಮಗಳು ಮೆಟ್ಟಿಲ ಬಳಿ ಬಂದು ನಿಂತದ್ದನ್ನು ಆಮೇಲೆ ನೋಡಿದೆ. ಬಯ್ಯಲು ಬಾಯಿ ತೆರೆದವನು, “ಹೆದರಿಕಿ ಆಗ್ಲಿಲ್ಲೇನು ಒಬ್ಬಾಕಿಗೇ?” ಅಂದೆ.

“ಆಯ್ತು. ಆದ್ರ ಕ್ಲಾಸಿಗೆ ಹೋಗೋದು ಅದಕ್ಕಿಂತ ಹೆದರಿಕಿ,” ಅಂದಳು. “ನಾನು ಹೋದಾಗೆಲ್ಲ ‘ಚುಟ್ಟಂ ವಚ್ಚಿಂದಿ’ ಅಂತಾರ. ಪ್ರಾಕ್ಟಿಕಲ್ ಗುಂಪಿನಾಗ ನನ್ನ ಹೆಸರು ತೆಗೆದು ಬ್ಯಾರೆಯವರನ್ನ ಹಾಕ್ಯಾರ. ಮೇಷ್ಟ್ರು ಏನು ಹೇಳಿದ್ರೂ ಎಲ್ಲರಿಗೂ ನಿನ್ನಿ ಪಾಠ ಗೊತ್ತಿರ್ತದ, ನನಗೊಬ್ಬಾಕಿಗೇ ಗೊತ್ತಿರಲ್ಲ.”

ಚುಟ್ಟಂ ಅಂದರೆ ತೆಲುಗಿನಲ್ಲಿ ನೆಂಟರು. ನೆಂಟಳು ಬಂದಳು ಅಂತ ತರಗತಿಯವರೆಲ್ಲ ನಗುತ್ತಿದ್ದರು. ನಿಜವಾಗಿ ಹೊಟ್ಟೆನೋವು ಬರಲು ಅಷ್ಟು ಸಾಕಿತ್ತು. ಪರೀಕ್ಷೆಯ ಅಂಕ ಇನ್ನೂ ಕೆಳಗಿಳಿದಿರಲಿಲ್ಲ ಎಂಬ ಒಂದೇ ಧೈರ್ಯದ ಮೇಲೆ ನಾನಿದ್ದೆ.

ಬುಧವಾರ ಹೆಂಡತಿಯೂ ರಜೆ ಹಾಕಿ ಬಂದಳು. ಮೂವರೂ ಟೀಚರನ್ನು ಕಂಡೆವು. ಕ್ಷಮೆ ಕೇಳುವ ಮಾತನ್ನು ದಾರಿಯುದ್ದಕ್ಕೂ ಸಿದ್ಧ ಮಾಡಿಕೊಂಡಿದ್ದೆ. ಅವರು ಅದಕ್ಕೆ ಎಡೆ ಕೊಡಲಿಲ್ಲ. ಹಾಜರಿ ಪುಸ್ತಕ ತೆರೆದು ನಮ್ಮ ಕಡೆ ತಿರುಗಿಸಿದರು.

“ಒಂದೊಂದೇ ದಿನ ಸಾರ್. ಯಾವುದೂ ದೊಡ್ಡದಾಗಿ ಕಾಣಲ್ಲ. ನಾನೂ ಚೀಟಿಗಳನ್ನು ನಂಬಿದೆ, ಅದು ನನ್ನ ತಪ್ಪು. ಈಗ ಹೇಳಿ, ಮನೇಲಿ ಬೆಳಿಗ್ಗೆ ಅವಳ ಜೊತೆ ಯಾರಿರ್ತಾರೆ? ತಿಂಡಿ ಯಾರು ಮಾಡ್ತಾರೆ?”

ಇಷ್ಟು ತಿಂಗಳಲ್ಲಿ ನಮ್ಮನ್ನು ಯಾರೂ ಇದನ್ನು ಕೇಳಿರಲಿಲ್ಲ. ನಾವೂ ಯಾರಿಗೂ ಹೇಳಿರಲಿಲ್ಲ. ಹೆಂಡತಿಯ ಕಣ್ಣು ತುಂಬಿತು. “ಯಾರೂ ಇರಲ್ಲ ಮೇಡಂ. ಇವರು ಆರೂವರೆಗೇ ಹೊರಡ್ತಾರೆ,” ಅಂದಳು.

ಅಲ್ಲೇ ಕೂತು ಒಂದೊಂದಾಗಿ ಮಾತಾಡಿದೆವು. ನಮ್ಮ ಬೀದಿಯಿಂದ ಅದೇ ಶಾಲೆಗೆ ನಡೆದುಹೋಗುವ ಇಬ್ಬರು ಹುಡುಗಿಯರಿದ್ದರು. ಅದು ನನಗೆ ಗೊತ್ತೇ ಇರಲಿಲ್ಲ, ಟೀಚರಿಗೆ ಗೊತ್ತಿತ್ತು. ಅವರಲ್ಲೊಬ್ಬಳ ತಾಯಿಗೆ ಅವರೇ ಹೇಳಿದರು. ತಪ್ಪಿದ ಪಾಠಕ್ಕೆ ದಿನವೂ ಶಾಲೆ ಬಿಟ್ಟ ಮೇಲೆ ಅರ್ಧ ಗಂಟೆ ಕೂರಿಸಿಕೊಳ್ಳುತ್ತೇನೆ ಅಂದರು. ವಿಜ್ಞಾನದ ಮೇಷ್ಟರನ್ನು ಕರೆದು ಅವಳ ಹೆಸರನ್ನು ಹಳೆಯ ಗುಂಪಿಗೆ ಸೇರಿಸಿದರು. ಹೆಂಡತಿ ತನ್ನ ವಾರ್ಡಿನ ಮೇಲಿನವರ ಹತ್ತಿರ ಮಾತಾಡಿ ಎರಡು ವಾರಕ್ಕೊಮ್ಮೆ ಒಟ್ಟಿಗೆ ಎರಡು ದಿನ ರಜೆ ಪಡೆದಳು. ಇನ್ನು ಮೇಲೆ ರೈಲು ಹತ್ತುವವಳು ಅವಳು. ಕಚೇರಿಯಲ್ಲಿ ನಾನು ಕೇಳಬೇಕಾದ್ದು ಒಂದೇ ಇತ್ತು, ಬೆಳಗಿನ ಹಡಗುಗಳನ್ನು ವಾರದಲ್ಲಿ ಮೂರು ದಿನ ಬೇರೆಯವರು ನೋಡಿಕೊಳ್ಳಲಿ ಎಂದು. ಆಗುವುದಿಲ್ಲ ಅನ್ನುತ್ತಾರೆಂದು ತಿಂಗಳುಗಟ್ಟಲೆ ಕೇಳದೇ ಇದ್ದೆ. ಕೇಳಿದಾಗ, “ಮೊದಲೇ ಹೇಳಬಾರದಿತ್ತೇ?” ಅಂದರು.

ಎಲ್ಲವೂ ಸಲೀಸಾಗಿ ನಡೆಯಿತು ಅನ್ನಲಾರೆ. ಮೊದಲ ಗುರುವಾರವೇ ಮಗಳು ಬಾಗಿಲಲ್ಲಿ ಹೊಟ್ಟೆ ಹಿಡಿದು ನಿಂತಳು. ಹೊರಗೆ ಆ ಇಬ್ಬರು ಹುಡುಗಿಯರು ಕೂಗುತ್ತಿದ್ದರು. ನಾನು ಅವಳ ಬ್ಯಾಗ್ ಹಿಡಿದು ನಿಂತೆ. ಐದು ನಿಮಿಷ ನಿಂತು, ಮೂಗು ಒರೆಸಿಕೊಂಡು ಹೋದಳು. ತಿಂಗಳಾಗುವ ಹೊತ್ತಿಗೆ ಅವರು ಬರುವ ಮೊದಲೇ ಗೇಟಿನ ಹೊರಗೆ ನಿಂತಿರುತ್ತಿದ್ದಳು. ವರ್ಷದ ಕೊನೆಗೆ ಗಣಿತದಲ್ಲಿ ಅಂಕ ಹಿಂದಿನದಕ್ಕಿಂತ ಕಡಿಮೆಯೇ ಬಂತು. ಅವಳು ಅದಕ್ಕೆ ಅಳಲಿಲ್ಲ, ಯಾವ ಪಾಠ ಬಿಟ್ಟುಹೋಗಿತ್ತೆಂದು ಅವಳಿಗೇ ಗೊತ್ತಿತ್ತು.

ಈಗ ಅವಳು ಎಂಟನೇ ತರಗತಿ. ಒಂದು ವರ್ಷದ ಮಾತು ಎರಡಾಯಿತು, ಹೆಂಡತಿ ಇನ್ನೂ ವಿಜಯವಾಡದಲ್ಲೇ ಇದ್ದಾಳೆ. ಅವಳು ಬಾರದ ಶನಿವಾರಗಳಲ್ಲಿ ನನಗೆ ಇವತ್ತಿಗೂ ಕೂರಲಾಗುವುದಿಲ್ಲ. ಮಗಳು ಶಾಲೆಯಿಂದ ಬಂದು ನೋಟ್ಸ್ ಬರೆಯುತ್ತಿರುತ್ತಾಳೆ, ನಾನು ಬಾಲ್ಕನಿಗೂ ಅಡುಗೆಮನೆಗೂ ಓಡಾಡುತ್ತಿರುತ್ತೇನೆ. ಮೊನ್ನೆ ಅವಳು ತಲೆ ಎತ್ತದೆಯೇ ಅಂದಳು, “ಅಪ್ಪಾ, ನಿಂಗ ಅಷ್ಟು ನೆನಪಾದ್ರ ನೀನೊಬ್ಬನೇ ಹೋಗಿ ಬಾ. ನಾನು ಕೆಳಗಿನ ಆಂಟಿ ಹತ್ರ ಇರ್ತೀನಿ.”

ನಾನು ಹೋಗಲಿಲ್ಲ. ಅವಳ ಎದುರಿನ ಕುರ್ಚಿ ಎಳೆದುಕೊಂಡು ಕೂತೆ. ಸ್ವಲ್ಪ ಹೊತ್ತಷ್ಟೇ.